ಖರೀದಿ ವಿಭಾಗದ ಮಡಿವಾಳಪ್ಪನವರು

ಇಂಡಿ ಹತ್ತಿರದ ಸಕ್ಕರೆ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನ್ನ ಘನಕಾರ್ಯವೆಂದರೆ ಮ್ಯಾನೇಜರ್ ಮಡಿವಾಳಪ್ಪನವರ ಮಾತಿಗೆ ‘ಹೌದ್ರಿ’ ಅನ್ನುವುದು. ಮಷಿನ್ ಬೆಲ್ಟ್ ಹರಿದ ಮೇಲೆ ಯಾರಾದರೂ ‘ಅರ್ಜೆಂಟ್ ಐತ್ರಿ’ ಎಂದು ಓಡಿ ಬಂದರೆ, ಅವರು ಕನ್ನಡಕ ಏರಿಸಿ, ‘ಯಾವ ಮಷಿನ್ ತಗೋಬೇಕಂತ ಆರಿಸೂ ಮುಂದ ನಮ್ಮನ್ನ ಒಂದ್ ಮಾತ ಕೇಳಬಾರ್ದೇನ್ರಿ?’ ಅನ್ನುತ್ತಾರೆ. ಮುಂದಿನ ಹಂಗಾಮಿನ ಮೀಟಿಂಗ್ ಇದ್ದ ದಿನ ಮದುವೆ ಗಂಡಿನಂತೆ ಇಸ್ತ್ರಿ ಅಂಗಿ ತೊಟ್ಟು, ಒಳಗೆ ಕರೆದಾರೆಂದು ಫೋನಿನ ಮುಂದೆ ಕೂರುತ್ತಾರೆ. ಫೋನೂ ಬರುತ್ತದೆ, ‘ಚಹಾ, ಭಜಿ ಕಳಸ್ರಿ’ ಎಂದು. ಮೊನ್ನೆ ಮೀಟಿಂಗ್ ಹಾಲಿಗೆ ಹೊಸ ಕುರ್ಚಿಗಳು ಬಂದವು. ಒಂದೊಂದರಲ್ಲೂ ಕೂತು ಪರೀಕ್ಷೆ ಮಾಡಿದ ಮಡಿವಾಳಪ್ಪನವರು, ಎಂ.ಡಿ. ಸಾಹೇಬರ ಪಕ್ಕದ ಕುರ್ಚಿಯಿಂದ ಏಳಲೇ ಇಲ್ಲ. ‘ಸಾಹೇಬ್ರು ಬರೂ ಹೊತ್ತಾತ್ರಿ’ ಎಂದೆ. ‘ತಡಿಯೋ ತಮ್ಮಾ, ಇದನ್ನ ಇನ್ನೂ ನೋಡಾಕತ್ತೇನಿ’ ಎಂದವರು, ಎದುರಿನ ಖಾಲಿ ಕುರ್ಚಿಗಳ ಕಡೆ ತಿರುಗಿ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.