ಸಲೈನ್ ಕಂಬದ ಮಧ್ಯಸ್ಥಿಕೆ

ಕೊಂಕಲ್ಲಿನ ಸೊಸೆ ಮರಿಲಿಂಗಮ್ಮ ಯಾದಗಿರಿಯಲ್ಲಿ ಏನು ಓದುತ್ತಿದ್ದಾಳೆಂದು ಊರಿಗೆ ಬಿಡಿಸಿ ಹೇಳುವಷ್ಟರಲ್ಲಿ ಗಂಡ ಅಮೋಘಸಿದ್ದನಿಗೆ ಸಾಕುಬೇಕಾಗಿತ್ತು. ನರ್ಸಲ್ಲ, ಡಾಕ್ಟರೂ ಅಲ್ಲ; ರೋಗಿಯನ್ನು ವಿಚಾರಿಸಿ, ಮುಟ್ಟಿ ನೋಡಿ, ಡಾಕ್ಟರಿಗೆ ಹೀಗೆ ಹೀಗಿದೆ ಎಂದು ಒಪ್ಪಿಸುವ ಫಿಜಿಷಿಯನ್ ಅಸಿಸ್ಟೆಂಟ್. ಬಿಎಸ್ಸಿ ಆದ ಮೇಲೆ ಮದುವೆ, ಮದುವೆಯಾದ ಮೇಲೆ ಈ ಓದು. ಕಾಲುವೆ ನೀರು ಬಂದು ಹೊಲದ ತುಂಬ ಭತ್ತ ನಿಂತರೂ ಕುರಿ ಸಾಕುವುದನ್ನು ಬಿಡದ ಮಾವ ಬಸವಂತರಾಯ ಇದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅನ್ನುವುದಾದರೂ ಹೇಗೆ? ಆ ಮನೆಯಲ್ಲಿ ಮಾವ ಸೊಸೆ ನೇರ ಮಾತಾಡುವ ಪದ್ಧತಿಯೇ ಇಲ್ಲ. ಊಟಕ್ಕೆ ಕರೆಯಬೇಕಾದರೆ ಸೊಸೆ ಸೆರಗು ಹೊದ್ದು ಬಾಗಿಲಿಗೆ ಹೇಳುತ್ತಾಳೆ, ಮಾವ ಕಂಬಕ್ಕೆ ಉತ್ತರ ಕೊಡುತ್ತಾನೆ. ಮದುವೆಯಾದಾಗಿನಿಂದ ಸಂಸಾರ ಹೀಗೇ ಸಲೀಸಾಗಿ ಸಾಗಿತ್ತು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಫೇಲಾದರೆ ಮತ್ತೊಂದು ವರ್ಷ ಹಾಸ್ಟೆಲು. ಮನೆಯವರು ಇನ್ನೊಮ್ಮೆ ಕಳಿಸುವ ಭರವಸೆ ಅವಳಿಗಿರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಪರೀಕ್ಷಕರಾದ ಡಾಕ್ಟರ್ ನಸೀರುದ್ದೀನರು ಪರದೆ ಸರಿಸಿದರೆ, ಮಂಚದ ಮೇಲೆ ಮಾವ! ಹಿಂದಿನ ಸಂಜೆ ನೋವೆಂದು ಭರ್ತಿಯಾಗಿದ್ದ. ಸೊಸೆಯ ಪರೀಕ್ಷೆ ಕೆಡಬಾರದೆಂದು ಮನೆಯವರು ಸುದ್ದಿಯನ್ನೇ ಮುಟ್ಟಿಸಿರಲಿಲ್ಲ. ಎಂಥ ಕಾಳಜಿ ನೋಡಿ.

ಮರಿಲಿಂಗಮ್ಮ ಗಡಬಡಿಸಿ ಬಿಳಿ ಕೋಟಿನ ಮೇಲಿನ ಓಢಣಿ ಎಳೆದು ತಲೆಗೆ ಹೊದ್ದಳು. ಇವರು ನಮ್ಮ ಮಾವ, ಬೇರೆ ರೋಗಿಯನ್ನು ಕೊಡಿ ಎಂದು ಪಿಸುಮಾತಿನಲ್ಲಿ ಬೇಡಿಕೊಂಡಳು.

"ನಾಳೆ ಡ್ಯೂಟಿ ಮ್ಯಾಲಿದ್ದಾಗ ಮಾವ ಬಂದ್ರ ವಾಪಸ್ ಕಳಸ್ತೀಯೇನವ್ವ?" ಎಂದರು ಡಾಕ್ಟರು.

ಬೇರೆ ದಾರಿ ಕಾಣದೆ ಅವಳು ಪಕ್ಕದ ಸಲೈನ್ ಕಂಬದತ್ತ ತಿರುಗಿದಳು. "ಮಾವಾರಿಗೆ ನೋವು ಎಲ್ಲಿ ಅದ, ಯಾವಾಗಿಂದ ಅದ, ಕೇಳು."

"ನಿನ್ನಿ ಮಧ್ಯಾಹ್ನದಿಂದ. ಬೆನ್ನಾಗ ಹುಟ್ಟಿ ಮುಂದಕ ಇಳೀತದ ಅಂತ ಹೇಳು," ಎಂದ ಬಸವಂತರಾಯ, ಅದೇ ಕಂಬಕ್ಕೆ.

ನಸೀರುದ್ದೀನರು ನಗು ತಡೆಯಲು ಕರವಸ್ತ್ರ ಹುಡುಕಿದರು. ವಾಂತಿ, ಜ್ವರ, ಕೊನೆಗೆ ಒಂದಕ್ಕೆ ಹೋಗುವಾಗಿನ ಉರಿ, ಎಲ್ಲ ಪ್ರಶ್ನೆಯನ್ನೂ ಕಂಬ ಮರ್ಯಾದೆಯಿಂದ ದಾಟಿಸಿತು. ಆದರೆ ಇನ್ನು ಮುಟ್ಟಿ ನೋಡಬೇಕು. ಅದನ್ನು ಕಂಬ ಮಾಡಲಾರದು. ಅವಳ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಡಾಕ್ಟರು ಗಡಿಯಾರ ನೋಡಿದರು. ಇಷ್ಟು ದಿನ ಓದಿದ್ದು ಒಂದು ಗೇಣಿನ ಅಂತರದಲ್ಲಿ ನೀರುಪಾಲಾಗುತ್ತದಲ್ಲ ಎಂದು ಅವಳಿಗೆ ಅಳು ಒತ್ತಿಕೊಂಡು ಬಂತು.

ಮುದುಕ ಆ ಕೈಯನ್ನು ನೋಡಿದ. ಅಂಗಿ ತಾನೇ ಮೇಲೆತ್ತಿ, ಮೊದಲ ಸಲ ಸೊಸೆಯ ಮುಖ ನೋಡಿ ಮಾತಾಡಿದ.

"ಕಂಬ ಎಷ್ಟಂತ ಹೇಳ್ತದವ್ವ. ಇಲ್ಲಿ ಅದ ನೋವು, ನೋಡು."

ಅವಳು ನೋಡಿದಳು. ಬೆನ್ನಿನ ಪಕ್ಕೆಗೆ ಮೆಲ್ಲಗೆ ಗುದ್ದಿದಾಗ ಮಾವ ಹಲ್ಲು ಕಚ್ಚಿದ. ಕಿಡ್ನಿಯಲ್ಲಿ ಹರಳಿರಬೇಕು, ಸ್ಕ್ಯಾನ್ ಮಾಡಿಸಬೇಕು ಎಂದು ತಡವರಿಸದೆ ಒಪ್ಪಿಸಿದಳು. ಡಾಕ್ಟರು ಸರಿಯೆಂದು ತಲೆಯಾಡಿಸಿ ಹೊರಡುವಷ್ಟರಲ್ಲಿ ಬಸವಂತರಾಯ ಅವರನ್ನು ತಡೆದ. ಹರಳಿನ ಸುದ್ದಿ ಕೇಳಲಿಲ್ಲ.

"ನಮ್ಮ ಹುಡುಗಿ ಪಾಸಾದಳೇನ್ರಿ?"

ಈಗ ಆ ಮನೆಯಲ್ಲಿ ಊಟಕ್ಕೆ ಕರೆಯಲು ಬಾಗಿಲು ಬೇಕಾಗಿಲ್ಲ.