ಅಕ್ಕನಿಗೆ ಹಾಡು ಕೇಳಿಸಲು ಓರೆಬ್ರೂಗೆ

ನವೆಂಬರಿನ ಒಂದು ಶನಿವಾರ ನಮ್ಮೂರು ವೆಸ್ಟೆರಾಸ್‌ನಿಂದ ಓರೆಬ್ರೂ ಪಟ್ಟಣಕ್ಕೆ ರೈಲಿನಲ್ಲಿ ಹೊರಟೆ. ಜೊತೆಗೆ ನಮ್ಮ ಕೆಳಮನೆಯ ಬ್ರಿಟಾ ಅಜ್ಜಿ. ತೊಂಬತ್ತು ದಾಟಿದ ಅವರಿಗೆ ಒಬ್ಬರೇ ಹೋಗುವುದು ಕಷ್ಟ. ಓರೆಬ್ರೂದ ವೃದ್ಧಾಶ್ರಮದಲ್ಲಿ ಅವರ ಅಕ್ಕ ಎಲ್ಸಾ ಕೊನೆಯ ದಿನಗಳಲ್ಲಿದ್ದರು. ನನ್ನ ಗಂಡ ಸ್ಟೇಷನ್ನಿಗೆ ಬಿಡಲು ಬಂದಿದ್ದ. "ಅಜ್ಜಿ ಕೈ ಬಿಡ್ಬೇಡ ಕಣೆ, ಪ್ಲಾಟ್‌ಫಾರ್ಮ್ ಫುಲ್ ಜಾರ್ತಿದೆ," ಎಂದ.

ಒಂದು ಗಂಟೆಯ ದಾರಿ. ಹೊರಗೆ ನೀರು ಬೆರೆತ ಹಿಮ ಬೀಳುತ್ತಿತ್ತು. ಚೀಸ್ ಬ್ರೆಡ್ಡು ತಿನ್ನುತ್ತಾ ಬ್ರಿಟಾ ತಮ್ಮ ಬಾಲ್ಯ ಹೇಳಿದರು. ಆಗಿನ ರೇಡಿಯೋದಲ್ಲಿ ಅವರ ಮನೆಮಂದಿಯೆಲ್ಲ ಸೇರಿ ಅಮೆರಿಕದ ಕೌಬಾಯ್ ಹಾಡುಗಳನ್ನು ಹಾಡುತ್ತಿದ್ದರಂತೆ. ಅಪ್ಪನದು ಗಿಟಾರ್, ಅಮ್ಮನದು ಅಕಾರ್ಡಿಯನ್, ಹೆಣ್ಣುಮಕ್ಕಳಿಬ್ಬರದು ಕೊರಳು. ಅಪ್ಪ ಅಮೆರಿಕ ಕಂಡವರೂ ಅಲ್ಲ, ಕುದುರೆ ಹತ್ತಿದವರೂ ಅಲ್ಲ.

"ನನ್ನ ಮೇಲೆ ಅಪ್ಪ ಒಮ್ಮೆಯೂ ಕೈ ಎತ್ತಲಿಲ್ಲ," ಎಂದರು ಬ್ರಿಟಾ. "ಅಕ್ಕನಿಗೆ ಈಗ ಯಾರ ಗುರುತೂ ಸಿಗುವುದಿಲ್ಲ. ಹಾಡಿದರೆ ಸಿಕ್ಕೀತು."

ವೃದ್ಧಾಶ್ರಮದ ನರ್ಸ್ ನಮ್ಮನ್ನು ಕೋಣೆಗೆ ಕರೆದೊಯ್ದಳು. ಎಲ್ಸಾ ಹಾಸಿಗೆಯಲ್ಲಿ ಮಗುವಿನಷ್ಟೇ ಪುಟ್ಟದಾಗಿ ಕಾಣುತ್ತಿದ್ದರು. ಬ್ರಿಟಾ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹಾಡತೊಡಗಿದರು. ದನಿ ಒಡೆದಿತ್ತು, ರಾಗ ತಪ್ಪಿರಲಿಲ್ಲ. ಎಲ್ಸಾ ಕಣ್ಣು ಬಿಟ್ಟರು. ಬ್ರಿಟಾ ಸಂತೋಷದಿಂದ ನನ್ನತ್ತ ನೋಡಿದರು.

ಅಷ್ಟರಲ್ಲಿ ಎಲ್ಸಾ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡರು.

"ಅಪ್ಪಾ, ತಪ್ಪು ಹಾಡಿದ್ದು ನಾನು. ಬ್ರಿಟಾ ಅಲ್ಲ. ಅವಳು ಚಿಕ್ಕವಳು, ಬಿಟ್ಟುಬಿಡು."

ಹಾಡು ನಿಂತಿತು.

"ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಎಲ್ಸಾ," ಎಂದರು ಬ್ರಿಟಾ. "ಇನ್ನು ಯಾರೂ ಹೊಡೆಯುವುದಿಲ್ಲ. ಹಾಡಬೇಕಾಗಿಯೂ ಇಲ್ಲ."

ಎಲ್ಸಾ ನಂಬಿದಂತೆ ಕಾಣಲಿಲ್ಲ. ಕೈಗಳು ಹೊರಗೆ ಬರಲೇ ಇಲ್ಲ.

ಹೊರಡುವಾಗ ನರ್ಸ್ ಬಾಗಿಲ ಬಳಿ ಸಿಕ್ಕಳು. "ನೀವು ಕೊಟ್ಟ ಪ್ಲೇಯರಿನಲ್ಲಿ ನಿಮ್ಮ ಮನೆಯವರ ಹಳೆಯ ರೇಡಿಯೋ ಹಾಡುಗಳನ್ನು ದಿನಾ ಬೆಳಿಗ್ಗೆ ಹಾಕುತ್ತೇವೆ," ಎಂದಳು ಬ್ರಿಟಾಗೆ ಪ್ರೀತಿಯಿಂದ. "ಶುರುವಾದ ಕೂಡಲೇ ಎಲ್ಸಾ ಹೀಗೇ ಕೈ ಮುಚ್ಚಿಕೊಳ್ಳುತ್ತಾರೆ. ಚಳಿಯೇನೋ ಎಂದು ಇನ್ನೊಂದು ಕಂಬಳಿ ಹೊದಿಸುತ್ತೇವೆ."

ಬ್ರಿಟಾ ಒಳಗೆ ಹೋದರು. ಗೋಡೆಯಿಂದ ವೈರು ಕಿತ್ತು, ಪ್ಲೇಯರನ್ನು ಎದೆಗವಚಿಕೊಂಡು ಹೊರಬಂದರು.

ವಾಪಸು ರೈಲಿನಲ್ಲಿ ಅದು ಅವರ ಮಡಿಲಲ್ಲೇ ಇತ್ತು. ಭಾರವಿದ್ದೀತೆಂದು ನಾನು ಕೈ ಚಾಚಿದೆ.

"ಬೇಡ," ಎಂದರು. "ಇದನ್ನು ಅಲ್ಲಿ ತಂದಿಟ್ಟವಳು ನಾನೇ."