ತೊಳೆದು ತಂದ ಎಂಜಿನ್ನು

ಇಳಕಲ್ಲಿನಲ್ಲಿ ಕಾರಿನ ಎ.ಸಿ. ರಿಪೇರಿ ಮಾಡುತ್ತಿದ್ದ ಆ ಮಿಸ್ತ್ರಿ ಯಾರನ್ನೂ ಕೂಡಿಸುತ್ತಿರಲಿಲ್ಲ. "ಸುಮ್ಮನ ನಿಂದರ್ರಿ, ಗಾಡಿ ಮಾತಾಡ್ಲಿ" ಎಂದು ಕಂಪ್ರೆಸರ್ ಕಡೆ ಕಿವಿ ಕೊಡುತ್ತಿದ್ದರು. ನನ್ನ ಕಾರಿನದು ಬೀಸುಕಲ್ಲಿನಂತೆ ಗರಗರ ಅಂದಿತು.

"ಒಳಗ ಆಯಿಲ್ ಕಮ್ಮಿ ಆಗೇತ್ರಿ" ಎಂದವರು ಬಗ್ಗಿ ಪೈಪಿನ ಜಾಯಿಂಟು ನೋಡಿದರು. ಗ್ಯಾಸಿನ ಜೊತೆ ಆಯಿಲ್ ಸೋರಿದ ಕಡೆ ಧೂಳು ಮೆತ್ತಿ ಕಪ್ಪಾಗಿರುತ್ತದೆ. ಅಲ್ಲಿ ಏನೂ ಇರಲಿಲ್ಲ. ಅವರ ಕೈ ಹೊಲಸಾಗಬಾರದೆಂದು ನಾನೇ ಬೆಳಿಗ್ಗೆ ಎಂಜಿನ್ನು ತೊಳೆಸಿದ್ದೆ.

"ದವಾಖಾನಿಗೆ ಹೋಗೂಮುಂದ ಗಾಯ ಮುಚ್ಚಿಕೊಂಡು ಹೋಗ್ತೀರೇನ್ರಿ?" ಎಂದು ಸಿಡುಕಿದರು. "ಆಯಿಲ್, ಗ್ಯಾಸ್ ಹಾಕಿ ಕೊಡ್ತೇನಿ. ಎಂಟು ದಿನ ಓಡಿಸಿ, ತೊಳೀಲಾರದ ಹಂಗ ತರ್ರಿ."

ಎಂಟು ದಿನ ಬಾದಾಮಿ, ಹುನಗುಂದ ಸುತ್ತಿ ಹಾಗೇ ತಂದೆ. ಜಾಯಿಂಟಿನ ಮೇಲೆ ಕಪ್ಪು ಕಲೆ ಎದ್ದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ತಾವು ಕೂಡುವ ಸ್ಟೂಲನ್ನು ನನ್ನ ಕಡೆ ಸರಿಸಿದರು.